ಸಾವಿನ ಸುದ್ದಿ ತಡೆಯದ ಮರಿಬಸಪ್ಪ

ನಮ್ಮ ಕಂಪನಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಸುದ್ದಿ ಮೊದಲು ಬರುತ್ತಿದ್ದದ್ದು ಮರಿಬಸಪ್ಪಣ್ಣನ ಮೇಜಿಗೆ. ಬಳ್ಳಾರಿ ಊರ ಹೊರಗೆ ಜೀನ್ಸ್ ಹೊಲಿಯುವ ಕಂಪನಿ ನಮ್ಮದು. ಹೊಸ ಡಿಸೈನಿನ ಫೋಟೊ ಹೊರಗೆ ಹೋಗಬಾರದೆಂದು, ಒಳಗೆ ಹೋಗುವಾಗಲೇ ಎಲ್ಲರ ಮೊಬೈಲನ್ನು ಗೇಟಿನಲ್ಲಿ ಇಸಿದುಕೊಳ್ಳುತ್ತಾರೆ. ಹಾಗಾಗಿ ಊರಿನವರು ಅವಸರಕ್ಕೆ ಫೋನ್ ಮಾಡಬೇಕಾದದ್ದು ಟೈಮ್ ಆಫೀಸಿಗೆ. ಹಾಜರಿ, ರಜೆ, ಗೇಟ್ ಪಾಸು, ಕೆಲಸಗಾರರ ವಿಳಾಸ ಎಲ್ಲವೂ ಅಲ್ಲಿ ಮರಿಬಸಪ್ಪಣ್ಣನ ಕಂಪ್ಯೂಟರಿನಲ್ಲಿ. ನಾನು ಶೈಲಜಾ, ಲೆಕ್ಕದ ವಿಭಾಗದವಳು. ನನ್ನ ಮೇಜು ಅವರ ಮೇಜಿಗೆ ಅಂಟಿಕೊಂಡೇ ಇತ್ತು. ಈಗ ಎಲ್ಲರೂ ಅವರನ್ನು ದಡ್ಡ ಅನ್ನುತ್ತಾರೆ. ಹಾಗನ್ನುವವರ ಮೇಲೆ ನನಗೆ ಸಿಟ್ಟಿದೆ. ಮರಿಬಸಪ್ಪಣ್ಣನ ಮೇಲೂ ಇದೆ, ಅದನ್ನೇನೂ ನಾನು ಮುಚ್ಚಿಡುವುದಿಲ್ಲ.

ಅವರು ಕುರುಗೋಡಿನವರು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ಮಾತು ಕಡಿಮೆ. ವಯಸ್ಸಿನಲ್ಲಿದ್ದಾಗ ಅವರು ಪರ ಊರಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ತಾಯಿ ಚನ್ನವೀರಮ್ಮ ತೀರಿಕೊಂಡ ದಿನ ಗಿರಣಿಗೆ ಫೋನ್ ಬಂತು. ಲಾರಿಗೆ ಲೋಡು ತುಂಬುವುದು ನಿಲ್ಲಬಾರದೆಂದು ಮ್ಯಾನೇಜರು ಆ ಸುದ್ದಿಯನ್ನು ಸಂಜೆಯವರೆಗೆ ಬಾಯಲ್ಲೇ ಇಟ್ಟುಕೊಂಡ. ಇವರು ಕುರುಗೋಡು ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ನಮ್ಮ ಕಡೆ ಮದುವೆಗೆ ಕರೆದರೆ ಹೋಗುತ್ತಾರೆ, ಮಣ್ಣಿನ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿನ ಕೆಲಸ ಬಿಟ್ಟು ಹೋಗುತ್ತಾರೆ. ಹೆತ್ತ ತಾಯಿಯ ಮುಖ ನೋಡಲಿಕ್ಕೆ ಆಗದವನ ಸಂಕಟ ಎಂಥದೆಂದು ಬೇರೆ ಹೇಳಬೇಕಿಲ್ಲ.

ಅಂದಿನಿಂದ ಅವರದು ಒಂದೇ ಹಟ. ತಾನು ಕೂತ ಕಡೆ ಸಾವಿನ ಸುದ್ದಿ ತಡವಾಗಬಾರದು. ಫೋನ್ ಬಂದರೆ ತಾವೇ ಎದ್ದು ಹೊಲಿಗೆ ವಿಭಾಗಕ್ಕೆ ಓಡುತ್ತಿದ್ದರು. ಯಂತ್ರಗಳ ಸದ್ದಿನಲ್ಲಿ ಕೂಗಿ ಹೇಳದೆ, ಆ ಹೆಣ್ಣುಮಗಳನ್ನು ಹೊರಗೆ ಕರೆದು, ನೀರು ಕುಡಿಸಿ, ಆಮೇಲೆ ಹೇಳುತ್ತಿದ್ದರು. ರಜೆ ಚೀಟಿ ಕೇಳುತ್ತಿರಲಿಲ್ಲ, ಆಟೋ ಅವರೇ ಹಿಡಿದು ಕೊಡುತ್ತಿದ್ದರು. ಅವರು ಆ ವಿಭಾಗದ ಬಾಗಿಲಲ್ಲಿ ನಿಂತರೆ ಹೊಲಿಯುವವರ ಕೈ ನಿಲ್ಲುತ್ತಿತ್ತು. ಆದರೂ ಅವರನ್ನು ಅಪಶಕುನ ಎಂದವರಿಲ್ಲ, ಎಲ್ಲರಿಗೂ ಅವರು ಬೇಕಾಗಿತ್ತು.

ಸರೋಜಾ ಬಂದದ್ದು ಹೋದ ವರ್ಷ. ಸಿರುಗುಪ್ಪ ಕಡೆಯ ಹುಡುಗಿ. ಗಂಡ ಮಾರೇಶ್ ಹೊಡೆದು ಹೊಡೆದು ಅವಳ ಒಂದು ಕಿವಿ ಸರಿಯಾಗಿ ಕೇಳಿಸದಂತೆ ಮಾಡಿದ್ದ. ಕುಡುಗೋಲು ಎತ್ತಿದ ದಿನ ಅವಳು ಓಡಿಬಂದಳು. ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ದಾಕ್ಷಾಯಣಿ ಎಂಬವರ ಹಿತ್ತಲ ಕೋಣೆ ಬಾಡಿಗೆಗೆ ಹಿಡಿದಳು. ಸಿಮ್ ಬದಲಿಸಿದಳು. ಹೊಸ ನಂಬರ್ ಇದ್ದದ್ದು ಅವಳ ತಾಯಿ ಪಕ್ಕೀರಮ್ಮನ ಹತ್ತಿರ ಮತ್ತು ನಮ್ಮ ಕಂಪನಿಯಲ್ಲಿ ಮಾತ್ರ. ಕೋಣೆ ಎಲ್ಲಿದೆ ಎಂದು ತಾಯಿಗೂ ಹೇಳಿರಲಿಲ್ಲ. ಅವನು ಹೊಡೆದು ಬಾಯಿ ಬಿಡಿಸಿದರೆ ಎಂಬ ಹೆದರಿಕೆ. ಸೇರಿದ ದಿನವೇ ಮರಿಬಸಪ್ಪಣ್ಣನ ಎದುರು ನಿಂತು ಹೇಳಿದ್ದಳು.

"ಯಣ್ಣಾ, ಯಾರ ಕೇಳಿದ್ರೂ ನಾ ಇಲ್ಲಿ ಇಲ್ಲ ಅನ್ರಿ. ಸಿಕ್ರ ಆತ ನನ್ನ ಉಳಸಂಗಿಲ್ಲ."

"ನನ್ನ ಬಾಯಿಗೆ ಬೀಗ ಐತವ್ವಾ, ಹೋಗಿ ಕೆಲಸ ನೋಡು," ಅಂದಿದ್ದರು. ಮಾತು ಉಳಿಸಿಕೊಂಡರು ಕೂಡ. ಕೊರಿಯರಿನವನೆಂದು ಒಬ್ಬ ಫೋನ್ ಮಾಡಿದ, ಬ್ಯಾಂಕಿನವನೆಂದು ಇನ್ನೊಮ್ಮೆ ಬಂತು. "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ," ಎಂದು ಫೋನ್ ಇಟ್ಟು ನನ್ನ ಕಡೆ ತಿರುಗಿ, "ಎರಡೂ ಸಲ ಒಂದ ದನಿ, ಆಕಿ ಗಂಡನ ಇರಬೇಕು," ಅಂದಿದ್ದರು.

ಈ ನಡುವೆ ಬೆಂಗಳೂರಿನ ಹೆಡ್ ಆಫೀಸಿನಿಂದ ನಂದಿನಿ ಎಂಬ ಹುಡುಗಿ ಬಂದಳು. ಮಾಹಿತಿ ಸುರಕ್ಷತೆಯ ಪಾಠ ಹೇಳಲಿಕ್ಕೆ. ಕ್ಯಾಂಟೀನಿನ ಗೋಡೆಗೆ ಚಿತ್ರ ಬಿಟ್ಟು, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ಓಟಿಪಿ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಕೆಲಸಗಾರರ ವಿವರ ಫೋನಿನಲ್ಲಿ ಕೊಡಬೇಡಿ ಎಂದಳು. ಅರ್ಧ ಜನ ತೂಕಡಿಸುತ್ತಿದ್ದರು. ಮರಿಬಸಪ್ಪಣ್ಣ ಮಾತ್ರ ಎದ್ದು ನಿಂತು ಕೇಳಿದರು.

"ಮೇಡಂ, ಸತ್ತ ಸುದ್ದಿ ತಂದೋರ್ನ ನೀ ಯಾರು, ಏನು ಅಂತ ಕೇಳಾಕ ಆಗತೈತೇನ್ರಿ?"

ಎಲ್ಲರೂ ನಕ್ಕರು. ನಂದಿನಿ ನಗಲಿಲ್ಲ. "ಕೇಳಲೇಬೇಕು ಸರ್. ಫೋನ್ ಇಟ್ಟುಬಿಡಿ. ಮನೆಯವರದು ಅಂತ ನಿಮ್ಮ ಹತ್ತಿರ ಇರೋ ನಂಬರಿಗೆ ನೀವೇ ವಾಪಸ್ ಮಾಡಿ. ನಿಜ ಅಂತ ಗೊತ್ತಾದ ಮೇಲೆ ಹೇಳಿ. ಸ್ವಲ್ಪ ತಡ ಆದರೂ ಪರವಾಗಿಲ್ಲ."

ತಡ ಆದರೂ ಪರವಾಗಿಲ್ಲ. ಆ ಮಾತನ್ನು ಅವರ ಮುಂದೆ ಆಡಬಾರದಿತ್ತು. ಅದು ಅವಳಿಗೆ ಹೇಗೆ ಗೊತ್ತಿರಬೇಕು? ಚಹಾ ಕುಡಿಯುವಾಗ ನನಗೆ ಹೇಳಿದರು. "ಆ ಹುಡುಗಿ ಮನ್ಯಾಗ ಇನ್ನಾ ಯಾರೂ ಸತ್ತಿಲ್ಲ ಕಾಣತೈತಿ, ಶೈಲವ್ವಾ." ಪರೀಕ್ಷೆಯಲ್ಲಿ ಎಲ್ಲ ಉತ್ತರ ಸರಿ ಬರೆದು ಸರ್ಟಿಫಿಕೇಟೂ ತೆಗೆದುಕೊಂಡರು.

ಅದಾಗಿ ಸ್ವಲ್ಪ ದಿನಕ್ಕೆ, ಮಾಲು ಕೊಳ್ಳುವ ದೊಡ್ಡ ಕಂಪನಿಯವರು ತಪಾಸಣೆಗೆ ಬಂದ ದಿನ, ಟೈಮ್ ಆಫೀಸಿಗೆ ಫೋನ್ ಬಂತು. ಹೆಂಗಸಿನ ದನಿ, ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಆ ಕಡೆಯ ಅಳು ನನ್ನ ಮೇಜಿಗೂ ಕೇಳಿಸುತ್ತಿತ್ತು.

"ಯಣ್ಣಾ, ನಾ ಸರೋಜಾನ ದೊಡ್ಡವ್ವ ಮಾತಾಡೋದು. ಪಕ್ಕೀರವ್ವ ಹೋಗಿಬಿಟ್ಲಣ್ಣಾ. ಮಗಳು ಬರೋತನಕ ಎತ್ತಂಗಿಲ್ಲ ಅಂತ ಎಲ್ಲಾರೂ ಕುಂತಾರ. ಗಾಡಿ ತಗೊಂಡು ಬಳ್ಳಾರಿಗೆ ಬಂದೀವಿ. ಆಕಿನ್ನ ಕಳಸ್ರಿ."

ಸರೋಜಾ ಅಂದು ಜ್ವರವೆಂದು ಬಂದಿರಲಿಲ್ಲ. ಮರಿಬಸಪ್ಪಣ್ಣ ಅವಳ ಮೊಬೈಲಿಗೆ ಹಚ್ಚಿದರು. ಸ್ವಿಚ್ ಆಫ್. ಬೇರೆ ದಿನವಾಗಿದ್ದರೆ ತಾವೇ ಕೌಲ್ ಬಜಾರಿಗೆ ಹೋಗುತ್ತಿದ್ದರು. ತಪಾಸಣೆಯವರು ಹೋಗುವವರೆಗೆ ಯಾರೂ ಕುರ್ಚಿ ಬಿಡಬಾರದೆಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿದ್ದರು. ಕಂಪ್ಯೂಟರಿನಲ್ಲಿ ಸರೋಜಾಳ ಹೆಸರು ತೆಗೆದರು. ಮನೆಯವರ ನಂಬರೆಂದು ಅಲ್ಲಿ ಒಂದೇ ಒಂದಿತ್ತು, ತಾಯಿ ಪಕ್ಕೀರಮ್ಮನದು. ಸತ್ತವಳ ನಂಬರಿಗೆ ಯಾರು ಫೋನ್ ಹಚ್ಚುತ್ತಾರೆ? ಅವರೂ ಹಚ್ಚಲಿಲ್ಲ.

ಒಂದು ಮಾತು ಕೇಳಿದ್ದು ನಿಜ. "ತಂಗೀ, ನೀವು ಗಂಡನ ಕಡೇರಲ್ಲ ಹೌದಿಲ್ಲೊ?"

"ಹೆಣಾ ಮುಂದ ಇಟಗೊಂಡು ಸುಳ್ಳು ಹೇಳಾಕ ಬರತೈತೇನಣ್ಣಾ," ಅಂತು ಆ ದನಿ. ಮತ್ತೆ ಅಳು.

ಕೇಳಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಮುಖ ಕೆಂಪಾದದ್ದನ್ನು ನಾನು ನೋಡಿದೆ. ಓಣಿಯ ಹೆಸರು, ಮಸೀದಿಯ ಪಕ್ಕದ ತಿರುವು, ದಾಕ್ಷಾಯಣಿಯವರ ಮನೆ, ಹಿತ್ತಲ ಕೋಣೆ, ಎಲ್ಲ ಬಿಡಿಸಿ ಹೇಳಿದರು. "ಮರಿಬಸಪ್ಪಣ್ಣ ಹೇಳಿ ಕಳಿಸ್ಯಾನ ಅಂತ ಹೇಳ್ರಿ, ಇಲ್ಲಾಂದ್ರ ಆಕಿ ಬಾಗಿಲಾ ತೆಗಿಯಂಗಿಲ್ಲ. ರಜಾದ ಚಿಂತಿ ಮಾಡಬ್ಯಾಡ ಅನ್ರಿ," ಎಂದೂ ಸೇರಿಸಿದರು. ಫೋನ್ ಇಟ್ಟು ಕಣ್ಣು ಒರೆಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ನನಗೂ ಏನೂ ಅನುಮಾನ ಬರಲಿಲ್ಲ, ಅಯ್ಯೋ ಪಾಪ ಅಂದೆ.

ತಪಾಸಣೆ ಬೇಗ ಮುಗಿಯಿತು. "ಹೋಗಿ ಮಣ್ಣು ಹಾಕಿ ಬರೂನು, ಆ ಹುಡುಗಿಗೆ ನಮ್ಮೋರು ಅಂತ ಯಾರದಾರ," ಅಂದರು. ನಾನೂ ಹೊರಟೆ. ಸಿರುಗುಪ್ಪ ಬಸ್ ನಿಲ್ದಾಣದ ಎದುರು ಅವರು ಒಂದು ಹಾರ ಕೊಂಡರು. ಕೆಂಚನಗುಡ್ಡದ ಹಾದಿಯಲ್ಲಿರುವ ಸರೋಜಾಳ ತವರೂರಿನಲ್ಲಿ ಆಟೋ ಇಳಿದಾಗ ಇನ್ನೂ ಬಿಸಿಲಿತ್ತು. ದಾರಿಯುದ್ದಕ್ಕೂ ಭತ್ತದ ಗದ್ದೆ. ಊರೊಳಗೆ ಹಲಗೆ ಬಡಿಯುವ ಸದ್ದಿಲ್ಲ, ಭಜನೆ ಇಲ್ಲ, ಓಣಿಯಲ್ಲಿ ಜನ ಕೂಡಿಲ್ಲ. ಇಲ್ಲೂ ಮಣ್ಣು ಮುಗಿದೇ ಹೋಯಿತೆಂದು ಮರಿಬಸಪ್ಪಣ್ಣ ಓಡುವ ಹಾಗೆ ನಡೆದರು. ದಾರಿಯಲ್ಲಿ ಸಿಕ್ಕ ಹುಡುಗನೊಬ್ಬ ತೋರಿಸಿದ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಯವ್ವಾ, ಮಣ್ಣು ಆತೇನು?"

"ಯಾರದು?"

"ಪಕ್ಕೀರಮ್ಮಂದು. ಸರೋಜಾನ ಅವ್ವಂದು."

ಹೆಂಗಸು ಕೈ ನಿಲ್ಲಿಸಿದಳು. "ಸರೋಜಾನ ಅವ್ವ ನಾನ. ನೀವ್ಯಾರು?"

ಮರಿಬಸಪ್ಪಣ್ಣನ ಕೈಯಲ್ಲಿ ಹಾರ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದರು. ಪಕ್ಕೀರಮ್ಮ ಹಾರವನ್ನೂ ನೋಡಿದಳು, ನಮ್ಮ ಮುಖವನ್ನೂ ನೋಡಿದಳು. ಬುದ್ಧಿವಂತೆ. ಕೇಳಿದ್ದು ಒಂದೇ ಮಾತು.

"ಸರೋಜಿ ಎಲ್ಲದಾಳ?"

ಕಂಪನಿಗೆ ಫೋನ್ ಹಚ್ಚಿ, ಆ ಓಣಿಯಿಂದ ಬರುವ ಒಬ್ಬಳಿಂದ ದಾಕ್ಷಾಯಣಿಯವರ ನಂಬರ್ ತೆಗೆದುಕೊಂಡು ಅವರಿಗೆ ಫೋನ್ ಮಾಡಿದೆ. ಮಧ್ಯಾಹ್ನವೇ ಬಾಡಿಗೆ ಕಾರಿನ ಡ್ರೈವರೊಬ್ಬ ಬಂದು ಕರೆದುಕೊಂಡು ಹೋದ ಅಂದರು. ಸರೋಜಾ ಮೊದಲು ಬಾಗಿಲು ತೆಗೆಯಲಿಲ್ಲವಂತೆ. ಮರಿಬಸಪ್ಪಣ್ಣ ಕಳಿಸಿದ್ದಾರೆ ಎಂದ ಮೇಲೆ ತೆಗೆದಳಂತೆ. ಜ್ವರದಲ್ಲೇ ಎದೆ ಬಡಿದುಕೊಂಡು ಅಳುತ್ತಾ, ಕಾಲಿಗೆ ಚಪ್ಪಲಿಯನ್ನೂ ಹಾಕದೆ ಹೋಗಿ ಕಾರಿನಲ್ಲಿ ಕೂತಳಂತೆ. ಮಾರೇಶ್ ಓಣಿಯ ತುದಿಯಲ್ಲಿ ಕಾರು ಹತ್ತಿದ್ದನ್ನು ಆಮೇಲೆ ಯಾರೋ ನೋಡಿದ್ದಾಗಿ ಹೇಳಿದರು. ಫೋನಿನಲ್ಲಿ ಅತ್ತವಳು ಅವನ ಅಕ್ಕ ರೇಣುಕಾ.

ಪೊಲೀಸರು ಹುಡುಕಿದರು. ಸರೋಜಾ ಸಿಕ್ಕಿದ್ದು ತೆಕ್ಕಲಕೋಟೆಯಾಚೆ, ಕಾಲುವೆಯ ತೂಬಿನ ಹತ್ತಿರ. ಮಾರೇಶ್, ಅವನ ಅಕ್ಕ, ಇಬ್ಬರೂ ಈಗ ಒಳಗಿದ್ದಾರೆ. ಮೊದಲು ಸುಳ್ಳಾಗಿದ್ದ ಮಣ್ಣು ಪಕ್ಕೀರಮ್ಮನ ಊರಿನಲ್ಲಿ ಕೊನೆಗೂ ಆಯಿತು, ಮಗಳದು.

ಕಂಪನಿ ಒಂದು ಸುತ್ತೋಲೆ ಹೊರಡಿಸಿತು, ಅದೂ ಇಂಗ್ಲಿಷಿನಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಂದಿನಿ ಮತ್ತೆ ಬಂದಳು. ಈ ಸಲ ಕಣ್ಣು ಒದ್ದೆ ಮಾಡಿಕೊಂಡೇ ಹೇಳಿದಳು, ಕಂಪನಿಯ ಗುಟ್ಟೆಂದರೆ ಪಾಸ್‌ವರ್ಡ್ ಮಾತ್ರವಲ್ಲ, ಒಬ್ಬಳು ಎಲ್ಲಿ ಮಲಗುತ್ತಾಳೆ ಎಂಬುದೂ ಗುಟ್ಟು ಎಂದು. ಈ ಸಲ ಯಾರೂ ತೂಕಡಿಸಲಿಲ್ಲ. ಅವಳು ಮೊದಲ ಸಲ ಹೇಳಿದ್ದೂ ಸರಿಯೇ ಇತ್ತು. ವಾಪಸ್ ಒಂದು ಫೋನ್ ಹಚ್ಚಿದ್ದರೆ ಪಕ್ಕೀರಮ್ಮನೇ ಎತ್ತಿ ಹಲೋ ಅನ್ನುತ್ತಿದ್ದಳು. ನನ್ನ ಸಿಟ್ಟಿರುವುದು ಅಲ್ಲೇ. ಒಳ್ಳೆಯತನ ಇದ್ದರೆ ಸಾಕೆಂದುಕೊಂಡಿದ್ದರು ಮರಿಬಸಪ್ಪಣ್ಣ. ಸಾಲದು.

ಅವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಯಾರೂ ತೆಗೆದುಹಾಕಿರಲಿಲ್ಲ, ಬಾ ಎಂದು ಮ್ಯಾನೇಜರೇ ಹೇಳಿ ಕಳಿಸಿದರು. ಕುರುಗೋಡಿನ ಮನೆಯಲ್ಲಿ ಫೋನ್ ಬಡಿದುಕೊಂಡರೂ ಎತ್ತುವುದಿಲ್ಲವಂತೆ. ಓಣಿಯಲ್ಲಿ ಯಾರಾದರೂ ಸತ್ತರೆ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತಾರಂತೆ.

ಮಗಳ ಕತ್ತರಿ, ಬುತ್ತಿ ಡಬ್ಬಿ ಒಯ್ಯಲು ಪಕ್ಕೀರಮ್ಮ ಕಂಪನಿಗೆ ಬಂದಿದ್ದಳು. ಅವನ್ನು ಚೀಲದಲ್ಲಿಟ್ಟುಕೊಂಡು, "ಆ ಯಣ್ಣನ ಮನಿಗಿ ಕರಕೊಂಡು ಹೋಗವ್ವಾ," ಅಂದಳು. ನನಗೆ ಹೆದರಿಕೆಯಾಯಿತು. ಮಣ್ಣು ತೂರಿ ಶಾಪ ಹಾಕಿದರೆ ಬೇಡ ಅನ್ನುವ ಬಾಯಿ ನನಗಿರಲಿಲ್ಲ. ಕರೆದುಕೊಂಡು ಹೋದೆ.

ಮರಿಬಸಪ್ಪಣ್ಣ ಅವಳನ್ನು ಕಂಡು ಎದ್ದು ನಿಂತರು. ಕೈ ಮುಗಿದದ್ದು ಮುಗಿದ ಹಾಗೇ ಇತ್ತು. ಹಣೆಯಲ್ಲಿ ವಿಭೂತಿ ಇರಲಿಲ್ಲ. ಅವರ ಹೆಂಡತಿ ನೀರು ತಂದಿಟ್ಟರು. ಪಕ್ಕೀರಮ್ಮ ಕುಡಿದಳು.

"ನಿನ್ನ ಬೈಯಾಕ ಬಂದಿಲ್ಲಣ್ಣಾ. ಒಂದು ಮಾತು ಕೇಳಾಕ ಬಂದೀನಿ. ನಾ ಸತ್ತೆ ಅಂತ ಆಕಿ ಖರೇನ ನಂಬಿದ್ಲೇನು?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನಂಬಿದ್ಲವ್ವಾ. ನನ್ನ ಹೆಸರು ಹೇಳಿದ್ರು, ಅದಕ್ಕ ನಂಬಿದ್ಲು."

ಪಕ್ಕೀರಮ್ಮ ತಲೆಯಾಡಿಸಿದಳು. ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಹಂಗಾರ ಸಾಯೋ ಮುಂದ ಅವ್ವಾ ಅಂತ ಕೂಗಿರಂಗಿಲ್ಲ ನನ್ನ ಕೂಸು. ಅವ್ವ ಇಲ್ಲಂತ ತಿಳಕೊಂಡಿದ್ಲಲ್ಲ."