ಮುತ್ಯಂಗೆ ನಾನು ಕಲಿಸಿದ ನಮಸ್ಕಾರ

ಅದು ೨೦೨೨ರ ಬೇಸಿಗೆ. ವಿಜಯವಾಡದಲ್ಲಿರುವ ನಮ್ಮ ಯಜಮಾನರ ಅಕ್ಕ ಸುಗುಣ ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಮನೆಗೆ ಬಂದ ಮೇಲೂ ಕೆಲವು ವಾರ ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ್ ಹೇಳಿದ್ದರು. ವಿಶಾಖಪಟ್ಟಣದಲ್ಲಿ ನಾವು ಗಂಡ ಹೆಂಡತಿ ಇಬ್ಬರೇ. ಇವರು ಬಂದರಿನ ಆಫೀಸಿಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಮಿಕ್ಸಿ ಸದ್ದೊಂದೇ. ಹಾಗಾಗಿ ನಾನು ರೈಲು ಹತ್ತಿದೆ. ಅಡುಗೆ, ಊಟ ನೋಡಿಕೊಳ್ಳಲು ಹೋದವಳು ಒಂದು ಕುದುರೆ ಮರಿಯನ್ನು ಕೆಡಿಸಿ ಬಂದೆ.

ನಮ್ಮ ಮೈಸೂರಿನಲ್ಲಾಗಿದ್ದರೆ ಅವರನ್ನು ಅತ್ತಿಗೆ ಎನ್ನುತ್ತಿದ್ದೆ. ತೆಲುಗು ಬೆರೆತ ಈ ಮನೆಗೆ ಬಂದ ದಿನದಿಂದ ವದಿನ ಎನ್ನುವುದೇ ರೂಢಿ. ಅವರ ಗಂಡ, ನಮ್ಮ ಬಾವ, ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟಿಸುತ್ತಾರೆ. ಊರಾಚೆ ಕಾಲುವೆ ಪಕ್ಕದ ತೋಟದಲ್ಲೇ ಮನೆ. ಅಲ್ಲಿ ಕುದುರೆ ಸಾಕುವುದು, ಮರಿ ಮಾಡಿಸುವುದು ವದಿನ ಅವರ ಕೆಲಸ. ಇರುವುದು ಮೂರೇ ಹೆಣ್ಣು ಕುದುರೆ, ವರ್ಷಕ್ಕೆ ಒಂದೋ ಎರಡೋ ಮರಿ. ಲಾಯದ ಬಾಗಿಲುಗಳೆಲ್ಲ ಹಳೆಯ ಲಾರಿಗಳ ಹಿಂಬಾಗಿಲುಗಳು. ಒಂದರ ಮೇಲೆ ಕಮಲ, ಇನ್ನೊಂದರ ಮೇಲೆ ಬಣ್ಣ ಮಾಸಿದ ಗಿಳಿ. ಸುಗುಣಮ್ಮನ ಕುದುರೆಯ ಹೊಟ್ಟೆ ಕೆಳಗೆ ಮಗು ನುಸುಳಿ ಹೋದರೂ ಅದು ಕಾಲು ಕದಲಿಸುವುದಿಲ್ಲ ಎಂದು ಸುತ್ತಮುತ್ತ ಹೆಸರಾಗಿತ್ತು. ಮದುವೆ ಮೆರವಣಿಗೆಯವರು ಎಷ್ಟು ಕೇಳಿದರೂ ವದಿನ ಮರಿ ಕೊಡುತ್ತಿರಲಿಲ್ಲ. ಬ್ಯಾಂಡಿನ ಗದ್ದಲದಲ್ಲಿ ಕುದುರೆಯನ್ನು ಹಿಂಗಾಲ ಮೇಲೆ ನಿಲ್ಲಿಸಿ ಕುಣಿಸುತ್ತಾರಲ್ಲ, ಅದನ್ನು ಅವರು ನೋಡುತ್ತಲೂ ಇರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದು ಹುಟ್ಟಿದ ಹೆಣ್ಣು ಮರಿಗೆ ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಅದಕ್ಕೇ ಮುತ್ಯಂ, ಅಂದರೆ ಮುತ್ತು, ಎಂದು ಹೆಸರು. ಮೇವು ಹಾಕಲು, ಲಾಯ ತೊಳೆಯಲು ಆಳುಗಳಿದ್ದರು. ಆದರೆ ಮರಿಯನ್ನು ದಿನವೂ ಮುಟ್ಟಿ, ಮನುಷ್ಯರ ಕೈಗೆ ಒಗ್ಗಿಸುವ ಕೆಲಸವನ್ನು ವದಿನ ಯಾರಿಗೂ ಬಿಟ್ಟಿರಲಿಲ್ಲ. ಈಗ ಮಲಗಿದ್ದಲ್ಲಿಂದಲೇ ಅದನ್ನು ನನಗೆ ಒಪ್ಪಿಸಿದರು.

“ಕಿವಿ ಸವರು, ಬೆನ್ನು ಸವರು, ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ಇಳಿಸು, ಬಂದ್ಬಿಡು. ಕೈಯಿಂದ ಏನೂ ತಿನ್ನಿಸ್ಬೇಡ. ಆಟ ಆಡ್ಬೇಡ. ಇವತ್ತು ನಿನ್ನ ಸೊಂಟದಷ್ಟಿದ್ದಾಳೆ, ನಾಳೆ ನಿನಗಿಂತ ಎತ್ತರ ಆಗ್ತಾಳೆ ಕದಾ?”

ಮೊದಲ ಕೆಲವು ದಿನ ಹೇಳಿದಷ್ಟೇ ಮಾಡಿದೆ. ಆಮೇಲೆ ನಾನು ಬರುವ ಹೊತ್ತಿಗೆ ಮುತ್ಯಂ ಗೇಟಿನ ಹತ್ತಿರ ಕಾಯತೊಡಗಿದಳು. ನನ್ನ ಗಾಜಿನ ಬಳೆಯ ಸದ್ದಿಗೇ ಕೆನೆಯುವಳು. ನನ್ನನ್ನು ಕಂಡು ಯಾರಾದರೂ ಹಾಗೆ ಓಡಿ ಬಂದು ಎಷ್ಟೋ ಕಾಲವಾಗಿತ್ತು. ಅಡುಗೆಮನೆಯ ಡಬ್ಬಿಯಿಂದ ಒಂದು ಚೂರು ಬೆಲ್ಲ ಸೆರಗಿನ ತುದಿಗೆ ಬಂತು.

ಈ ಕಡೆಯ ಮನೆಗಳಲ್ಲಿ ಮಗು ಸರಿಯಾಗಿ ಕೂರಲು ಕಲಿತದ್ದೇ ತಡ, “ದಂಡಂ ಪೆಟ್ಟಮ್ಮಾ” ಎಂದು ಕೈಮುಗಿಯುವುದನ್ನು ಕಲಿಸುತ್ತಾರೆ. ಒಂದು ಬೆಳಿಗ್ಗೆ ಮುತ್ಯಂ ಜಿಗಿದಾಡುತ್ತ ಮುಂಗಾಲು ಎತ್ತಿದಾಗ ನನಗೆ ಅದೇ ನೆನಪಾಯಿತು. ಕೈಮುಗಿದು, ದಂಡಂ ಪೆಟ್ಟು ಎಂದೆ, ಬೆಲ್ಲ ಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಮಾತೇ ಬೇಕಿರಲಿಲ್ಲ. ನಾನು ಎರಡು ಕೈ ಜೋಡಿಸಿದರೆ ಸಾಕು, ಅವಳು ಹಿಂಗಾಲ ಮೇಲೆ ಎದ್ದು, ಪುಟ್ಟ ಗೊರಸುಗಳನ್ನು ಎದೆಯ ಮುಂದೆ ಮಡಚುವಳು. ವೀಡಿಯೋ ಮಾಡಿ ಮನೆಯವರ ಗ್ರೂಪಿಗೆ ಹಾಕಿದೆ. ಹೊಗಳಿಕೆಯ ಮೇಲೆ ಹೊಗಳಿಕೆ ಬಂತು.

ವದಿನ ಒಳಗಿನಿಂದ ಕರೆದರು. ಫೋನು ಅವರ ಎದೆಯ ಮೇಲಿತ್ತು.

“ಮುದ್ದಾಗಿದೆ ಸುಧಾ. ಆದ್ರೆ ಬೇಡಮ್ಮಾ. ಕಾಲು ನೆಲದ ಮೇಲಿರ್ಬೇಕು, ಅದೊಂದೇ ನಾನು ಇವಕ್ಕೆ ಕಲಿಸೋದು.”

“ಆಯ್ತು ವದಿನ” ಎಂದೆ.

ಕಾನ್ವೆಂಟಿನಲ್ಲಿ ಓದಿದವಳು ನಾನು. ದೊಡ್ಡವರಿಗೆ ಎದುರಾಡಿ ಗೊತ್ತಿಲ್ಲ. ಮೆಲ್ಲಗೆ ಆಯ್ತು ಎನ್ನುವುದು, ಆಮೇಲೆ ಸದ್ದಿಲ್ಲದೆ ನನಗೆ ಬೇಕಾದ್ದನ್ನೇ ಮಾಡುವುದು, ಎರಡೂ ನನಗೆ ಚಿಕ್ಕಂದಿನಿಂದ ಅಭ್ಯಾಸ. ವೀಡಿಯೋ ನಿಲ್ಲಿಸಿದೆ. ಬೆಲ್ಲ ನಿಲ್ಲಿಸಲಿಲ್ಲ. ವದಿನ ಓಡಾಡುವಂತಾದ ಮೇಲೆ ವಿಶಾಖಪಟ್ಟಣಕ್ಕೆ ಹಿಂತಿರುಗಿದೆ.

ಮುಂದಿನ ಸಂಕ್ರಾಂತಿಗೆ ಇವರೂ ನಾನೂ ತೋಟಕ್ಕೆ ಹೋದೆವು. ಮುತ್ಯಂ ನನ್ನ ಭುಜ ದಾಟಿ ಬೆಳೆದಿದ್ದಳು. ಹಬ್ಬದ ಮಾರನೆಯ ದಿನ ಅವಳನ್ನು ನೋಡಲು ಒಬ್ಬ ಮೇಡಂ ಬಂದರು. ಕಾಲಿನಲ್ಲಿ ಶಕ್ತಿಯಿಲ್ಲದ, ಮಾತು ತಡವಾದ ಮಕ್ಕಳನ್ನು ಕುದುರೆಗಳ ಜೊತೆ ಬೆರೆಸಿ ಕಲಿಸುವ ಸಣ್ಣ ಶಾಲೆ ಅವರದು, ನಮ್ಮ ವಿಶಾಖಪಟ್ಟಣದಲ್ಲೇ. ತಮ್ಮ ಮರಿ ಅಂಥ ಕಡೆ ಹೋಗಬೇಕು ಎಂದು ವದಿನ ಅವರಿಗೆ ಬಹಳ ಆಸೆ. ತಾವೇ ಹಗ್ಗ ಹಿಡಿದು ಮುತ್ಯಂಳನ್ನು ಅಂಗಳಕ್ಕೆ ತಂದರು. ಮೇಡಂ ಅವಳ ಕಿವಿ ಮುಟ್ಟಿದರು, ಕಾಲು ಎತ್ತಿಸಿದರು, ಅವಳ ಬೆನ್ನ ಹಿಂದೆ ಛತ್ರಿ ಬಿಚ್ಚಿ ಮುಚ್ಚಿದರು. ಮುತ್ಯಂ ಕಂಬದಂತೆ ನಿಂತಿದ್ದಳು. ವದಿನ ಅವರ ಮುಖದಲ್ಲಿ ಹೆಮ್ಮೆ.

ನಾನು ಕಾಫಿ ತಟ್ಟೆ ಜಗುಲಿಯ ಮೇಲಿಟ್ಟು ಅಂಗಳಕ್ಕಿಳಿದೆ. ಮೇಡಂ ನನ್ನ ಕಡೆ ತಿರುಗಿ ನಕ್ಕರು. ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.

ಮುತ್ಯಂ ಎದ್ದಳು. ನನ್ನನ್ನೇ ನೋಡುತ್ತ ಎದ್ದಳು. ಇಳಿದಾಗ ಒಂದು ಗೊರಸು ವದಿನ ಅವರ ಎಡಭುಜದ ಮೇಲೆ ಬಿತ್ತು.

ವದಿನ ಕೂಗಲೂ ಇಲ್ಲ, ಹಾಗೇ ಕುಸಿದರು. ಮುಡಿದಿದ್ದ ಚೆಂಡುಹೂವು ಮಣ್ಣಿನಲ್ಲಿತ್ತು, ಹಗ್ಗ ಇನ್ನೂ ಬಲಗೈಯಲ್ಲಿತ್ತು. ಮುತ್ಯಂ ಕಿವಿ ಮುಂದೆ ಮಾಡಿ ನನ್ನ ಸೆರಗಿನ ತುದಿಯನ್ನು ನೋಡುತ್ತ ಬೆಲ್ಲಕ್ಕಾಗಿ ಕಾಯುತ್ತಿದ್ದಳು.

ಗಾಳಿಪಟ ಕಂಡು ಬೆದರಿರಬೇಕು ಎಂದರು ಬಾವ. ವದಿನ ಅವರನ್ನು ಕಾರಿಗೆ ಹತ್ತಿಸಲು ಮೇಡಂ ಕೈಜೋಡಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಏನೂ ಅಂದ್ಕೋಬೇಡಿ. ನಮ್ಮ ಮಕ್ಕಳಿಗೆ ತಪ್ಪಿಸ್ಕೊಂಡು ಓಡೋಕೆ ಬರೋದಿಲ್ಲ” ಎಂದು ಹೊರಟುಹೋದರು.

ಕಾಲರ್ ಬೋನ್ ಮುರಿದಿತ್ತು. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಸಂಜೆ ನಾವಿಬ್ಬರೇ ಇದ್ದಾಗ, ಹೊರಗಿನ ಹಾರ್ನ್ ಸದ್ದಿನ ನಡುವೆ ಹೇಗೋ ಹೇಳಿದೆ.

“ವದಿನ, ಅದು ಗಾಳಿಪಟ ಅಲ್ಲ. ನಾನು.”

“ಗೊತ್ತು ಲೇಮ್ಮಾ” ಎಂದರು ಕಣ್ಣು ಮುಚ್ಚಿಕೊಂಡೇ. “ವೀಡಿಯೋ ನಿಂತ್ರೂ ಬೆಲ್ಲದ ಡಬ್ಬಿ ಖಾಲಿ ಆಗ್ತಾನೇ ಇತ್ತು. ನೀನು ಹೋದ್ಮೇಲೆ ಮರೆತಿದ್ದಾಳೆ ಅಂದ್ಕೊಂಡೆ. ನನ್ನ ಮುಂದೆ ಒಂದು ದಿನಾನೂ ಎದ್ದಿಲ್ಲ. ಅದನ್ನ ನಿನಗೋಸ್ಕರ ಅಂತ ಇಟ್ಕೊಂಡಿದ್ದಾಳೆ, ಪಿಚ್ಚಿದಿ, ಹುಚ್ಚು ಹುಡುಗಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುತ್ಯಂ ಎದ್ದು ನಿಂತ ಸುದ್ದಿ ಊರೆಲ್ಲ ಹರಡಿತು. ಎರಡು ಕಾಲ ಮೇಲೆ ನಿಲ್ಲುವ ಮರಿ ಇದೆಯಂತಲ್ಲ ಎಂದು ಮದುವೆ ಮೆರವಣಿಗೆಯವನೊಬ್ಬ ಬಾವನಿಗೆ ಫೋನ್ ಮಾಡಿದ. ಇನ್ಯಾರೂ ಅವಳನ್ನು ಕೊಳ್ಳುವವರಿಲ್ಲ ಎಂದು ಬಾವನಿಗೂ ಗೊತ್ತಿತ್ತು. ಫೋನು ಇಟ್ಟು ಅವರು ವದಿನ ಕಡೆ ನೋಡಿದರು. ವದಿನ ನನ್ನ ಕಡೆ ನೋಡಿದರು.

“ಕಲಿಸಿದವಳೇ ಬಿಡಿಸ್ಬೇಕು. ಇರ್ತೀಯಾ?”

ಇದ್ದೆ. ಬೆಳಿಗ್ಗೆ, ಸಂಜೆ, ಕಮಲದ ಬಾಗಿಲಿನ ಆಚೆ ಮುತ್ಯಂ, ಈಚೆ ನಾನು, ನನ್ನ ಹಿಂದೆ ಕುರ್ಚಿಯಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡ ವದಿನ. ಕೈಮುಗಿಯಬೇಕು. ಅವಳು ಎದ್ದರೆ ಬೆನ್ನು ತಿರುಗಿಸಿ ನಡೆದುಬಿಡಬೇಕು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಹತ್ತಿರ ಹೋಗಿ ಕುತ್ತಿಗೆ ಸವರಬೇಕು. ಬೆಲ್ಲ ಸಿಗದಿದ್ದಾಗ ಮುತ್ಯಂ, ತಾನು ಸರಿಯಾಗಿ ಮಾಡಲಿಲ್ಲವೇನೋ ಎಂಬಂತೆ ಇನ್ನಷ್ಟು ಎತ್ತರಕ್ಕೆ ಎದ್ದಳು, ಗೊರಸನ್ನು ಇನ್ನಷ್ಟು ಅಂದವಾಗಿ ಮಡಚಿದಳು. ನಾನು ಬೆನ್ನು ತಿರುಗಿಸಿದೆ. ಅವಳು ಕೆನೆದಳು. “ತಿರುಗಬೇಡ, ನಡಿ” ಎನ್ನುತ್ತಿದ್ದರು ವದಿನ. ನನ್ನನ್ನು ನಂಬಿದ್ದಕ್ಕೆ ಅವಳಿಗೆ ನಾನು ಕೊಟ್ಟ ಶಿಕ್ಷೆ ಅದು.

ಮಳೆಗಾಲದಲ್ಲಿ ಮೇಡಂ ಇನ್ನೊಮ್ಮೆ ಬಂದರು. ವದಿನ ಏನನ್ನೂ ಮುಚ್ಚಿಡದೆ ಹೇಳಿ ಕರೆಸಿದ್ದರು. ಬಾವ ಹಗ್ಗ ಹಿಡಿದಿದ್ದರು. ಎಲ್ಲರೂ ದೂರ ಸರಿದರು.

“ಈಗ ಮಾಡು ಸುಧಾ” ಎಂದರು ವದಿನ.

ಎರಡೂ ಕೈ ಜೋಡಿಸಿದೆ. ಮುತ್ಯಂಳ ಒಂದು ಮುಂಗಾಲು ಮಣ್ಣಿನಿಂದ ಸ್ವಲ್ಪ ಮೇಲೆದ್ದಿತು. ಅವಳು ನನ್ನನ್ನು ನೋಡಿದಳು. ಕಾಲು ಮೆಲ್ಲಗೆ ಕೆಳಗಿಳಿಯಿತು. ತಲೆ ತಗ್ಗಿಸಿ ನಿಂತಳು. ಮೇಡಂ ಅವಸರ ಮಾಡಲಿಲ್ಲ, ಇನ್ನೂ ಕೆಲವು ತಿಂಗಳು ಬಂದು ಬಂದು ನೋಡಿ ಆಮೇಲೆ ಕರೆದುಕೊಂಡು ಹೋದರು.

ಈಗ ಮುತ್ಯಂ ನಮ್ಮ ಊರಲ್ಲೇ ಇದ್ದಾಳೆ. ಒಂದು ಮಗು ಅವಳ ಹೊಟ್ಟೆಗೆ ಕೆನ್ನೆ ಒತ್ತಿ ನಿಂತದ್ದನ್ನು ಬೇಲಿಯಾಚೆಯಿಂದ ನೋಡಿ ಬಂದಿದ್ದೇನೆ. ಕರೆಯಲಿಲ್ಲ. ಬಳೆಯನ್ನು ಸೆರಗಿನಲ್ಲಿ ಒತ್ತಿ ಹಿಡಿದುಕೊಂಡಿದ್ದೆ.

ಮುರಿದ ಮೂಳೆ ಕೂಡಿಕೊಂಡರೂ ವದಿನ ಅವರ ಎಡಗೈ ಮೊದಲಿನಷ್ಟು ಮೇಲೇಳುವುದಿಲ್ಲ. ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. ಬಲಗೈ ಎದೆಯ ಹತ್ತಿರ ಬಂದು ಎಡಗೈಗಾಗಿ ಒಂದು ಕ್ಷಣ ಕಾಯುತ್ತದೆ, ಆಮೇಲೆ ತಾನೇ ಸ್ವಲ್ಪ ಕೆಳಗಿಳಿದು ಅದನ್ನು ಕೂಡಿಕೊಳ್ಳುತ್ತದೆ. ಬಂದವರು ಯಾರೂ ಅದನ್ನು ಗಮನಿಸಲಿಲ್ಲ. ನನಗೂ ಹಾಗೇ ಕೈಮುಗಿದು, “ರಾ ಅಮ್ಮಾ ಸುಧಾ, ಒಳಗೆ ಬಾ” ಎಂದರು. ನಾನು ತಲೆ ತಗ್ಗಿಸಿಕೊಂಡು ಒಳಗೆ ಹೋದೆ.