ಬೆಚ್ಚಗಿದ್ದ ಬಾನೆಟ್

ಈವತ್ತು ಬೆಳಿಗ್ಗೆ ಚಿಕ್ಕಜಾಲದಿಂದ ನಮ್ಮ ರಾಜಾನುಕುಂಟೆಯ ತೋಟಕ್ಕೆ ಬಂದ ಮುನಿರಾಜು, ನಮಸ್ಕಾರ ಹೇಳುವ ಮೊದಲೇ ನನ್ನ ಪುಟ್ಟ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈ ಇಟ್ಟ. ಮಾರುವವಳು ನಾನು, ಕೊಳ್ಳುವವನು ಅವನು; ಬಾನೆಟ್ಟೋ, ಬೆಚ್ಚಗಿತ್ತು.

ಬೆಚ್ಚಗಿದ್ದರೆ ಏನೀಗ ಎನ್ನುತ್ತೀರಾ? ಕೇಳಿ. ಹಳೆ ಎಂಜಿನ್ನಿನ ರೋಗವೆಲ್ಲ ಅದನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೇ ಬಯಲಾಗುವುದು. ಅದಕ್ಕೇ ಕೆಲವು ಕಿಲಾಡಿಗಳು ಗಿರಾಕಿ ಬರುವ ಹೊತ್ತಿಗೆ ಗಾಡಿ ಬಿಸಿ ಮಾಡಿಟ್ಟಿರುತ್ತಾರೆ. ಈ ಗುಟ್ಟನ್ನು ಸುತ್ತಲ ಊರಿಗೆಲ್ಲ ಪುಕ್ಕಟೆ ಹಂಚಿದವಳು ನಾನೇ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಫೋನಿನಲ್ಲಿ ಹಳೆ ಗಾಡಿಯ ಫೋಟೊ ತೋರಿಸಿ, "ಅಕ್ಕಾ, ಇದಕ್ಕೆ ಎಷ್ಟು ಕೊಡ್ಬೋದು?" ಎನ್ನುವವರಿದ್ದಾರೆ. ಫೋಟೊ ನೋಡಿ ಗಂಡನ್ನು ಒಪ್ಪಬಹುದು ಕಣ್ರೀ, ಟ್ರ್ಯಾಕ್ಟರನ್ನಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಈ ಗಾಡಿಯನ್ನು ನಾನು ಮಾಕಳಿಯ ರಹಮತ್ ಸಾಬರಿಂದ ಕೊಂಡೆ. ನನ್ನ ದ್ರಾಕ್ಷಿ ಚಪ್ಪರದ ಕೆಳಗೆ ತೂರಬಲ್ಲ ಚಿಕ್ಕ ಗಾಡಿಯೇ ಬೇಕಿತ್ತು. ಹೋದವಳೇ ಬಾನೆಟ್ ಮುಟ್ಟಿದೆ. ಬೆಚ್ಚಗಿತ್ತು!

"ಏನ್ ಸಾಬ್ರೇ, ಬೆಳಿಗ್ಗೆ ಬೆಳಿಗ್ಗೇನೇ ಕಾಯ್ಸಿಟ್ಟಿದೀರ?"

"ಇಲ್ಲ ಅಕ್ಕಾ, ಕೊನೇದು ಅಂತ ತೋಟದಲ್ಲಿ ಒಂದ್ ರೌಂಡ್ ಹೊಡ್ದೆ, ಅಷ್ಟೇ."

ಎಂಥ ಕಥೆ ಕಟ್ಟುತ್ತಾರಪ್ಪ ಎಂದುಕೊಂಡು, "ತಣ್ಣಗಾಗ್ಲಿ, ಕಾಯ್ತೀನಿ" ಎಂದು ಜಗುಲಿಯ ಮೇಲೆ ಕೂತೆ. ಅವರ ಮನೆಯಾಕೆ ಚಹಾ ಕೊಟ್ಟರು, ತಿಂಡಿ ಕೊಟ್ಟರು, ಮತ್ತೆ ಚಹಾ ಕೊಟ್ಟರು. ನಾನು ಜಪ್ಪಯ್ಯ ಅನ್ನಲಿಲ್ಲ. ನಡುವೆ ಎದ್ದು, ಮೀಟರನ್ನು ನಂಬದೆ ಪೆಡಲ್ ಎಷ್ಟು ಸವೆದಿದೆ ನೋಡಿದೆ, ಆಯಿಲ್ ಕಡ್ಡಿ ಎಳೆದು ಮೂಸಿದೆ. ಕೊನೆಗೂ ತಣ್ಣಗಾದ ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಆಯಿಲ್ ಸುಟ್ಟರೆ ಬರುವ ನೀಲಿ ಹೊಗೆಯ ಸುಳಿವಿಲ್ಲ. ಅದೇ ವಯಸ್ಸಿನ ಗಾಡಿ ಯಲಹಂಕದ ಕಡೆ ಎಷ್ಟಕ್ಕೆ ಹೋಗಿದೆಯೆಂದು ಮೊದಲೇ ವಿಚಾರಿಸಿಕೊಂಡಿದ್ದೆ. ಅದರಲ್ಲಿ ಸವೆದ ಹಿಂದಿನ ಟೈರುಗಳ ಖರ್ಚು ಕಳೆದು ಹೇಳಿದೆ. ಸಾಬರು ಒಪ್ಪಿದರು. ನ್ಯಾಯದ ಬೆಲೆ, ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಆ ರೌಂಡಿನ ಕಥೆಯನ್ನು ಮಾತ್ರ ನಾನು ನಂಬಲಿಲ್ಲ.

"ಅಕ್ಕಾ, ತಣ್ಣಗಿರೋವಾಗ್ಲೇ ನೋಡ್ಬೇಕು ಅಂತ ಏಳ್ಕೊಟ್ಟೋರು ನೀವೇ," ಎಂದ ಮುನಿರಾಜು, ಬಾನೆಟ್ ಮೇಲಿನ ಕೈ ತೆಗೆಯದೆ. "ಈಗ ನಿಮ್ ಗಾಡೀನೇ ಇಂಗೆ ಬಿಸಿ ಐತಲ್ಲಾ?"

ಮಂಡಿ ನೋವಿಗೆ ಕ್ಲಚ್ ತುಳಿಯಲಾಗುತ್ತಿಲ್ಲ, ಅದಕ್ಕೇ ಮಾರುತ್ತಿದ್ದೇನೆ. ಆದರೂ ಬೆಳಿಗ್ಗೆ ಎದ್ದವಳಿಗೆ ಮನಸ್ಸು ತಡೆಯಲಿಲ್ಲ. ಹಲ್ಲು ಕಚ್ಚಿಕೊಂಡು ಹತ್ತಿ, ಚಪ್ಪರದ ಆ ತುದಿಯವರೆಗೆ ಹೋಗಿ ಬಂದಿದ್ದೆ. ಅತ್ತೂ ಇದ್ದೆ.

"ಕೊನೇದು ಅಂತ ಒಂದ್ ರೌಂಡ್ ಹೊಡ್ದೆ ಕಣಪ್ಪ."

ಅವನು ನಕ್ಕ. ನಂಬಲಿಲ್ಲ ಎಂಬುದು ಮುಖದ ಮೇಲೇ ಇತ್ತು. "ಇರ್ಲಿ ಬಿಡಿ ಅಕ್ಕಾ, ತಣ್ಣಗಾಗ್ಲಿ, ಕಾಯ್ತೀನಿ."

ಕಾಯಲಿ! ನನ್ನ ಶಿಷ್ಯನಲ್ಲವೇ? ಉಪ್ಪಿಟ್ಟು ಮಾಡಿ ಕೊಟ್ಟೆ. ಅವನು ಎರಡು ಸಲ ಹಾಕಿಸಿಕೊಂಡು ತಿಂದ. ಎಂಜಿನ್ ತಣ್ಣಗಾದ ಮೇಲೆ ಕೀಲಿ ತಿರುಗಿಸಿದರೆ, ಗಾಡಿ ಒಮ್ಮೆ ಕೆಮ್ಮಿ ಹತ್ತಿಕೊಂಡಿತು.

"ಹೇಳಿದ್ ರೇಟಲ್ಲಿ ಕೆಮ್ಮಿಗೆ ಐನೂರು ಬಿಡ್ತೀನಿ," ಎಂದೆ. "ಅದರ ಮೇಲೆ ಬಿಡಿಗಾಸೂ ಇಲ್ಲ."

ಒಪ್ಪಿದ. ಗಾಡಿ ಗೇಟು ದಾಟಿತು. ಸದ್ದು ಪೂರ್ತಿ ಅಡಗಿದ ಮೇಲೆ ರಹಮತ್ ಸಾಬರಿಗೆ ಫೋನ್ ಮಾಡಿದೆ. ಮಾತಾಡಿ ವರ್ಷಗಳೇ ಆಗಿದ್ದವು.

"ಸಾಬ್ರೇ, ಆವತ್ತು ನೀವು ನಿಜವಾಗ್ಲೂ ರೌಂಡ್ ಹೊಡ್ದಿದ್ರಿ, ಅಲ್ವಾ?"



"ಮಾರ್‌ಬಿಟ್ರಾ ಅಕ್ಕಾ?" ಎಂದರು.