ತೆಗಿ ಅಂದವನು ನಾನು

ಸದಾನಂದ, ತೆಗಿ ಅಂದವನು ನಾನೇ. ಅನ್ನಲಿಲ್ಲವೆಂದು ನಿರ್ಮಾಪಕರ ಮುಂದೆ ಸುಳ್ಳು ಹೇಳಿದವನೂ ನಾನೇ.

ಎಂಬತ್ತರ ದಶಕ, ತಮಿಳು ಚಿತ್ರವೊಂದರ ಹಾಡಿಗಾಗಿ ಯೂನಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿತ್ತು. ನಾನು ಛಾಯಾಗ್ರಾಹಕ, ನೀನು ನನ್ನ ಕ್ಯಾಮೆರಾ ಆಪರೇಟರ್. ಮೈಸೂರಿನಿಂದ ಒಟ್ಟಿಗೇ ಮದ್ರಾಸಿಗೆ ಹೋದವರು — ಇಡೀ ಯೂನಿಟ್ಟಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಎಮರಿವಿಲ್‌ನಲ್ಲಿ, ಫ್ರೀವೇ ಪಕ್ಕದ ಕೆಸರಿನಲ್ಲಿ ಯಾರೋ ಹಳೆ ಮರದ ತುಂಡು ಜೋಡಿಸಿ ನಿಲ್ಲಿಸಿದ್ದ ಗೊಂಬೆಗಳ ನಡುವೆ ನಾಯಕಿ ಕುಣಿಯಬೇಕಿತ್ತು. ಮಂಜು ಕವಿಯುತ್ತಿತ್ತು, ಬೆಳಕು ಹೋಗುತ್ತಿತ್ತು, ನನ್ನ ತಲೆ ಕೆಟ್ಟಿತ್ತು. ಹಿಂದಿನಿಂದ ನೀನು ಕೇಳಿದೆ, "ತೆಗೀಲೇನೋ?" ಶಾಟ್ ತೆಗೆಯುವ ಮಾತೆಂದುಕೊಂಡು, ತಿರುಗದೆಯೇ, "ತೆಗಿ, ತೆಗಿ!" ಅಂದೆ. ನೀನು ಕೇಳಿದ್ದು ಹಗಲು ಬೆಳಕು ಫಿಲ್ಮಿನಲ್ಲಿ ನೀಲಿಯಾಗದಂತೆ ಲೆನ್ಸಿಗೆ ಹಾಕಿದ್ದ ಕಿತ್ತಳೆ ಫಿಲ್ಟರಿನ ಬಗ್ಗೆ — ತೆಗೆದರೆ ಇನ್ನಷ್ಟು ಬೆಳಕು ಸಿಕ್ಕೀತೆಂದು.

ಲ್ಯಾಬಿನಿಂದ ಬಂದದ್ದು ನೋಡಿದರೆ ನಾಯಕಿಯ ಮುಖ ಹೆಣದ ಹಾಗೆ ನೀಲಿ. ಅವಳಾಗಲೇ ಮದ್ರಾಸಿಗೆ ವಾಪಸಾಗಿದ್ದಳು. ಫಿಲ್ಟರ್ ತೆಗೆಯಲು ಹೇಳಿದ್ದು ಯಾರೆಂದು ನಿರ್ಮಾಪಕರು ಕೂಗಾಡಿದರು. ಆ ಕ್ಷಣವೇ ನನಗೆ ಎಲ್ಲ ಹೊಳೆಯಿತು. ಒಂದು ಪದದ ಎಡವಟ್ಟು ಎಂದು ವಿವರಿಸಬಹುದಿತ್ತು... ಅದು ನನ್ನ ಮೊದಲ ದೊಡ್ಡ ಚಿತ್ರ. ತಮಿಳಿನಲ್ಲಿ ಹೇಳಿದೆ — ನಾನು ಹೇಳಲೇ ಇಲ್ಲ, ಅವನೇ ತೆಗೆದ.

"ನೀನೇ ಅಂದ್ಯಲ್ಲೋ..." ಅಂದೆ ನೀನು, ಕನ್ನಡದಲ್ಲಿ. ಯಾರಿಗೂ ಅರ್ಥವಾಗಲಿಲ್ಲ. ನಾನೂ ಅರ್ಥವಾಗದವನ ಹಾಗೆ ನಿಂತೆ.

ನಿನ್ನ ಕೆಲಸ ಹೋಯಿತು. ಅಮೆರಿಕದಲ್ಲೇ, ಮಾರ್ಗನ್ ಹಿಲ್‌ನ ನಿನ್ನ ಅಕ್ಕನ ಮನೆ ಸೇರಿದೆ, ಅಲ್ಲೇ ಉಳಿದೆ, ಫೋಟೊ ತೊಳೆಯುವ ಅಂಗಡಿಯಲ್ಲಿ ನಿಂತೆ. ಸಿನಿಮಾ ಕ್ಯಾಮೆರಾ ಮತ್ತೆ ಮುಟ್ಟಲಿಲ್ಲ. ನಾನು ಚಿತ್ರದ ಮೇಲೆ ಚಿತ್ರ ಮಾಡಿದೆ, ಹೊಗಳಿಸಿಕೊಂಡೆ. ಆದರೆ ಸೆಟ್ಟಿನಲ್ಲಿ ಬೆನ್ನ ಹಿಂದೆ ಯಾರು ಬಾಯಿ ತೆರೆದರೂ ಬೆಚ್ಚಿ ತಿರುಗುತ್ತಿದ್ದೆ — ಈಗಲೂ.

ಆ ದಶಕದ ಕೊನೆಗೆ ಇನ್ನೊಂದು ಹಾಡಿಗೆ ಬಂದಾಗ, ಹೇಳಿಬಿಡಬೇಕೆಂದೇ ನಿನ್ನ ಮನೆಗೆ ಬಂದೆ. ನೀನು ಗ್ರೋಸರಿಗೆ ಹೋಗಿದ್ದೆ. ನಿನ್ನ ಹೆಂಡತಿ ಲಲಿತಾ ಕಾಫಿ ಕೊಟ್ಟು, ತಲೆ ತಗ್ಗಿಸಿ, "ಅವತ್ತು ಇವ್ರಿಂದ ನಿಮ್ಗೆ ತುಂಬಾ ತೊಂದ್ರೆ ಆಯ್ತಂತೆ. ಮನಸ್ಸಲ್ಲಿ ಇಟ್ಕೋಬೇಡಿ, ಅಣ್ಣಾ" ಅಂದಳು. ನನ್ನ ಮಾನ ಉಳಿಸಲು ನೀನು ಹೆಂಡತಿಗೂ ನಿಜ ಹೇಳಿರಲಿಲ್ಲ! ಆಗಲಾದರೂ ಬಾಯಿ ಬಿಡಬೇಕಿತ್ತು. ಬದಲಿಗೆ, ದೊಡ್ಡ ಮನಸ್ಸಿನವನ ಹಾಗೆ, "ಇರ್ಲಿ ಬಿಡಮ್ಮಾ, ಅದೆಲ್ಲ ಯಾವತ್ತೋ ಮರ್ತೆ" ಅಂದೆ.

ಮೊದಲ ಸುಳ್ಳು ಹೆದರಿ ಹೇಳಿದ್ದು. ಈ ಎರಡನೆಯದು — ಇದಕ್ಕೆ ಏನೆನ್ನಲಿ? ನಾಚಿಕೆಯಾಗುತ್ತದೆ, ಸದಾನಂದ.

ಮುಂದಿನ ವಾರ ಬರುತ್ತಿದ್ದೇನೆ. ನೀನು ತಡೆದರೂ ಲಲಿತಾಗೆ ಹೇಳುತ್ತೇನೆ. ಅವಳು ಹೊರಗೆ ನಡೀರಿ ಅಂದರೆ, ನಡೆಯುತ್ತೇನೆ.